ಒಂದೇ ನೋಟಕ್ಕೆ ಮೂರು ಪಟ

ನಡುಹಗಲಿನಲ್ಲಿ ನಿಮ್ಮ ನಡುಮನೆಯೊಳಗೆ ನಿಂತು ತೆರೆದ ಬಾಗಿಲಿನ ಕಡೆಗೆ ಒಮ್ಮೆ ನೋಡಿರಿ. ಹೊರಗೆ ಅಂಗಳದಲ್ಲಿ ಬಿಸಿಲು ಕಣ್ಣು ಕೋರೈಸುತ್ತಿರುತ್ತದೆ. ಒಳಗೆ ಗೋಡೆಯ ಮೂಲೆಯಲ್ಲಿ ಕತ್ತಲೆ ಮಡುಗಟ್ಟಿ ನಿಂತಿರುತ್ತದೆ. ಆದರೂ ಅಂಗಳದ ತುಳಸೀಕಟ್ಟೆಯೂ ನಿಮಗೆ ಕಾಣುತ್ತದೆ, ಬಾಗಿಲ ಮಗ್ಗುಲಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿರುವವರ ಮುಖವೂ ಕಾಣುತ್ತದೆ. ಇದೇ ನೋಟವನ್ನು ಕ್ಯಾಮೆರಾದಲ್ಲಿ ಹಿಡಿಯಹೊರಟರೆ ಎರಡರಲ್ಲಿ ಒಂದು ಕೈತಪ್ಪುತ್ತದೆ. ಮುಖ ತಿಳಿಯಾಗಿ ಬಂದರೆ ಅಂಗಳ ಸುಣ್ಣ ಬಳಿದಂತೆ ಬರಿಯ ಬಿಳುಪು. ಅಂಗಳ ಚೆನ್ನಾಗಿ ಬಂದರೆ ಮುಖ ಮಸಿಯ ಮುದ್ದೆ. ಮದುವೆ ಮುಂಜಿಗಳಲ್ಲಿ ತೆಗೆಸಿದ ಎಷ್ಟು ಪಟಗಳು ಹೀಗೆ ಕೆಟ್ಟಿವೆಯೆಂಬುದು ಮನೆಯ ಹಳೆಯ ಆಲ್ಬಮ್ಮನ್ನು ತೆರೆದರೆ ತಿಳಿದೀತು.

ಕಣ್ಣಿಗೆ ಸಾಧ್ಯವಾದದ್ದು ಕ್ಯಾಮೆರಾಕ್ಕೆ ಏಕೆ ಸಾಧ್ಯವಿಲ್ಲ? ಕಣ್ಣು ಒಂದೆಡೆ ನಿಲ್ಲುವ ಇಂದ್ರಿಯವಲ್ಲ. ಬೆಳಕಿನ ಕಡೆ ತಿರುಗಿದಾಗ ಅದರ ಪಾಪೆ ಕಿರಿದಾಗುತ್ತದೆ, ಕತ್ತಲೆಯ ಕಡೆ ತಿರುಗಿದಾಗ ಹಿರಿದಾಗುತ್ತದೆ. ಹೀಗೆ ಕ್ಷಣಕ್ಷಣಕ್ಕೂ ಕಂಡ ತುಣುಕುಗಳನ್ನು ಮನಸ್ಸು ಒಂದಾಗಿ ಹೊಂದಿಸಿಕೊಳ್ಳುತ್ತದೆ. ಕ್ಯಾಮೆರಾಕ್ಕಾದರೋ ಒಂದು ಸಲ ಕಣ್ಣು ತೆರೆದು ಮುಚ್ಚುವಷ್ಟೇ ಅವಕಾಶ. ಆ ಒಂದು ಸಲಕ್ಕೆ ಒಂದೇ ಅಳತೆಯ ಬೆಳಕು.

ಈ ಬಡತನವನ್ನು ನೀಗಿಕೊಳ್ಳಲು ಛಾಯಾಗ್ರಾಹಕರು ಕಂಡುಕೊಂಡ ಉಪಾಯವೊಂದುಂಟು. ಒಂದೇ ನೋಟವನ್ನು ಒಂದು ಸಲ ಕಡಮೆ ಬೆಳಕಿನಲ್ಲಿ, ಒಂದು ಸಲ ಹದವಾದ ಬೆಳಕಿನಲ್ಲಿ, ಮತ್ತೊಂದು ಸಲ ಹೆಚ್ಚು ಬೆಳಕಿನಲ್ಲಿ ಹಿಡಿಯುವುದು. ಇದಕ್ಕೆ ಎಕ್ಸ್‌ಪೋಷರ್ ಬ್ರಾಕೆಟಿಂಗ್ ಎಂದು ಹೆಸರು. ಬ್ರಾಕೆಟ್ ಎಂದರೆ ನಾವು ಬರಹದಲ್ಲಿ ಹಾಕುವ ಆವರಣ ಚಿಹ್ನೆ. ಫಿರಂಗಿ ಹಾರಿಸುವವರಲ್ಲಿಯೂ ಇದೇ ಮಾತು ರೂಢಿಯಲ್ಲಿದೆ. ಗುರಿಯ ದೂರ ತಿಳಿಯದಿದ್ದಾಗ ಒಂದು ಗುಂಡನ್ನು ಗುರಿಯ ಆಚೆಗೆ ಬೀಳುವಂತೆಯೂ ಇನ್ನೊಂದನ್ನು ಈಚೆಗೆ ಬೀಳುವಂತೆಯೂ ಹಾರಿಸುತ್ತಾರೆ. ಗುರಿ ಇವೆರಡರ ನಡುವೆ ಇದೆಯೆಂದು ಖಚಿತವಾದ ಮೇಲೆ ಅಂತರವನ್ನು ಕಿರಿದು ಮಾಡುತ್ತ ಬರುತ್ತಾರೆ. ಸರಿಯಾದ ಉತ್ತರ ಗೊತ್ತಿಲ್ಲದಿದ್ದರೆ ಅದರ ಸುತ್ತ ಬೇಲಿ ಕಟ್ಟು ಎಂಬುದೇ ಎರಡರ ತತ್ತ್ವವೂ. ಇಂದಿನ ಡಿಜಿಟಲ್ ಕ್ಯಾಮೆರಾ ಈ ಕೆಲಸವನ್ನು ಗುಂಡಿಯ ಒಂದು ಒತ್ತಿಗೆ ಮಾಡಿ ಮುಗಿಸುತ್ತದೆ. ಆದರೆ ಈ ಗುಂಡಿಯ ಹಿಂದೆ ಸುಮಾರು ಇನ್ನೂರು ವರ್ಷಗಳ ಕಥೆಯಿದೆ.

ಫ್ರಾನ್ಸ್ ದೇಶದ ನೀಪ್ಸ್ ಎಂಬಾತ 1826-27ರ ಸುಮಾರಿನಲ್ಲಿ ತನ್ನ ಮನೆಯ ಮಹಡಿಯ ಕಿಟಕಿಯಿಂದ ಕಾಣುವ ನೋಟವನ್ನು ಲೋಹದ ತಗಡಿನ ಮೇಲೆ ಮೂಡಿಸಿದನು. ನಮಗೆ ಉಳಿದುಬಂದಿರುವ ಛಾಯಾಚಿತ್ರಗಳಲ್ಲಿ ಇದೇ ಅತ್ಯಂತ ಹಳೆಯದು. ತಗಡಿಗೆ ಬಳಿದಿದ್ದ ಕಲ್ಲರಗು ಬೆಳಕಿಗೆ ಗಟ್ಟಿಯಾಗಲು ಹಲವಾರು ಗಂಟೆಗಳು ಹಿಡಿದವು. ಅಷ್ಟರಲ್ಲಿ ಸೂರ್ಯ ಆಕಾಶವನ್ನು ದಾಟಿದ್ದರಿಂದ, ಎದುರುಬದುರಾದ ಗೋಡೆಗಳೆರಡರ ಮೇಲೂ ಆ ಚಿತ್ರದಲ್ಲಿ ಬಿಸಿಲು ಬಿದ್ದಿದೆ. ಯಾವ ಮನುಷ್ಯನೂ ಒಂದೇ ಗಳಿಗೆಯಲ್ಲಿ ಕಾಣಲಾರದ ನೋಟ ಅದು. ಎಷ್ಟು ಹೊತ್ತು ತೆರೆದಿಡಬೇಕು ಎಂಬ ಪ್ರಶ್ನೆ ಛಾಯಾಚಿತ್ರಕಲೆಯೊಡನೆಯೇ ಹುಟ್ಟಿತೆನ್ನಬೇಕು.

ಅವನ ಜೊತೆಗಾರನಾಗಿದ್ದ ಡಾಗೇರ್ ಬೆಳ್ಳಿಯ ತಗಡನ್ನು ಬಳಸಿ ಈ ಗಂಟೆಗಳನ್ನು ನಿಮಿಷಗಳಿಗೆ ಇಳಿಸಿದನು. 1838ರಲ್ಲಿ ಅವನು ತೆಗೆದ ಪ್ಯಾರಿಸ್ ನಗರದ ಒಂದು ಬೀದಿಯ ಚಿತ್ರ ಪ್ರಸಿದ್ಧವಾಗಿದೆ. ಜನಸಂದಣಿಯ ಬೀದಿ ಅದು. ಚಿತ್ರದಲ್ಲಿ ಮಾತ್ರ ನಿರ್ಜನ. ಓಡಾಡುತ್ತಿದ್ದ ಗಾಡಿಕುದುರೆಗಳೆಲ್ಲ ಅಳಿಸಿಹೋಗಿ, ಬೂಟಿಗೆ ಪಾಲಿಷ್ ಹಾಕಿಸಿಕೊಳ್ಳಲು ನಿಂತಿದ್ದ ಒಬ್ಬ ಪುಣ್ಯಾತ್ಮನ ಆಕೃತಿ ಸ್ಪಷ್ಟವಾಗಿ ಉಳಿದಿದೆ. 1839ರ ಆಗಸ್ಟ್ 19ರಂದು ಪ್ಯಾರಿಸ್ಸಿನ ವಿದ್ವತ್ಸಭೆಯಲ್ಲಿ ಈ ವಿದ್ಯೆಯ ಮರ್ಮವನ್ನು ಬಹಿರಂಗಪಡಿಸಿದ ಮೇಲೆ ಅದು ದೇಶದೇಶಗಳಿಗೆ ಹಬ್ಬಿತು.

ನಮ್ಮ ನಾಡಿಗೂ ಅದು ತಡವಾಗದೆ ಬಂದಿತು. ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬಾತ 1856ರಲ್ಲಿ ಹಂಪೆಯ ಹಾಳುಪಟ್ಟಣದ ಚಿತ್ರಗಳನ್ನು ದೊಡ್ಡ ಅಳತೆಯ ಕಾಗದದ ನೆಗೆಟಿವ್‌ಗಳ ಮೇಲೆ ತೆಗೆದನು. ಆ ಕಾಲದ ಕಾಗದಕ್ಕೂ ಗಾಜಿಗೂ ಲೇಪಿಸುತ್ತಿದ್ದ ಬೆಳ್ಳಿಯ ಲವಣಗಳಿಗೆ ಒಂದು ದೋಷವಿತ್ತು. ನೀಲಿ, ನೇರಿಳೆ ಬಣ್ಣಗಳ ಬೆಳಕು ಅವುಗಳಿಗೆ ಬೇಗನೆ ನಾಟುತ್ತಿತ್ತು. ಹಸುರು, ಕೆಂಪು ಬಣ್ಣಗಳದು ಬಹು ನಿಧಾನ. ನೆಲದ ಮೇಲಿನ ಗಿಡಮರ, ಕಲ್ಲುಕಟ್ಟಡಗಳು ಮೂಡುವಷ್ಟರಲ್ಲಿ ಆಕಾಶ ಅತಿಯಾಗಿ ಬೆಂದು, ಮೋಡಗಳ ಗುರುತೇ ಉಳಿಯದಂತಾಗುತ್ತಿತ್ತು. ಅನೇಕ ಛಾಯಾಗ್ರಾಹಕರು ನೆಗೆಟಿವ್‌ನಲ್ಲಿ ಆಕಾಶದ ಭಾಗಕ್ಕೆ ಕಪ್ಪು ಮಸಿ ಬಳಿದು, ಅಚ್ಚಿನಲ್ಲಿ ಅದು ಸಮನಾದ ಬಿಳುಪಾಗಿ ಬರುವಂತೆ ಮಾಡಿ ಸಮಾಧಾನ ಹೊಂದುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಎಷ್ಟೋ ಚಿತ್ರಗಳಲ್ಲಿ ಆಕಾಶ ಬರಿದಾಗಿರುವುದಕ್ಕೆ ಇದೇ ಕಾರಣ.

ಈ ಸೋಲನ್ನು ಒಪ್ಪದವನು ಫ್ರಾನ್ಸಿನ ಗುಸ್ತಾವ್ ಲ ಗ್ರೇ. ಚಿತ್ರಕಲೆಯನ್ನು ಕಲಿತು ಛಾಯಾಚಿತ್ರಣಕ್ಕೆ ಬಂದವನು. ಸಮುದ್ರವನ್ನು ಅದರ ಅಲೆಗಳೊಡನೆಯೂ ಆಕಾಶವನ್ನು ಅದರ ಮೋಡಗಳೊಡನೆಯೂ ಒಟ್ಟಿಗೆ ತೋರಿಸಬೇಕೆಂಬುದು ಅವನ ಹಟ. 1857ರಲ್ಲಿ ಸೇತ್ ಎಂಬ ಕಡಲತೀರದಲ್ಲಿ ತೆಗೆದ ಅವನ ‘ಮಹಾತರಂಗ’ದ ಚಿತ್ರಕ್ಕೆ ಎರಡು ನೆಗೆಟಿವ್‌ಗಳಿವೆ: ಒಂದು ನೀರಿಗೆ, ಒಂದು ಆಕಾಶಕ್ಕೆ. ಎರಡನ್ನೂ ಕ್ಷಿತಿಜದ ಗೆರೆಯಲ್ಲಿ ಕೂಡಿಸಿ ಒಂದೇ ಕಾಗದದ ಮೇಲೆ ಅಚ್ಚು ಹಾಕಿದನು. ಜನ ಬೆರಗಾದರು. ಆದರೆ ಒಂದು ಸಂಗತಿಯನ್ನು ಮರೆಯಬಾರದು. ಲ ಗ್ರೇಯ ಕೆಲವು ಕಡಲ ಚಿತ್ರಗಳಲ್ಲಿ ಒಂದೇ ಆಕಾಶ ಮತ್ತೆ ಮತ್ತೆ ಬಂದಿದೆ. ಎಂದರೆ, ಒಂದು ಹೊತ್ತಿನ ಮೋಡವನ್ನು ಇನ್ನೊಂದು ಹೊತ್ತಿನ ಅಲೆಗೆ ಹೊದಿಸಿದ್ದಾನೆ. ಚಿತ್ರ ಸುಂದರವೇ ಸರಿ; ಆದರೆ ಆ ಸಮುದ್ರದ ಮೇಲೆ ಆ ಗಳಿಗೆಯಲ್ಲಿ ಆ ಮೋಡವಿತ್ತೆ? ಈ ಪ್ರಶ್ನೆಯನ್ನು ಬದಿಗಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ಬೆಳಕಿನ ಅಳತೆಗೆ ಶಾಸ್ತ್ರದ ಬುನಾದಿ ಹಾಕಿದವರು ಇಂಗ್ಲೆಂಡಿನ ವಿಡ್ನೆಸ್ ಎಂಬ ಊರಿನ ರಾಸಾಯನಿಕ ಕಾರ್ಖಾನೆಯಲ್ಲಿ ಕೆಲಸಮಾಡುತ್ತಿದ್ದ ಇಬ್ಬರು ಮಿತ್ರರು, ಹರ್ಟರ್ ಮತ್ತು ಡ್ರಿಫೀಲ್ಡ್. 1890ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ, ಗಾಜಿನ ಮೇಲೆ ಬೀಳುವ ಬೆಳಕು ಹೆಚ್ಚಿದಂತೆಲ್ಲ ಅದರ ಕಪ್ಪು ಹೇಗೆ ಏರುತ್ತದೆಂಬುದನ್ನು ಒಂದು ರೇಖೆಯಲ್ಲಿ ತೋರಿಸಿದರು. ಆ ರೇಖೆ ಬುಡದಲ್ಲಿ ಮಂದವಾಗಿ ಮೇಲೇಳುತ್ತದೆ, ನಡುವೆ ನೇರವಾಗಿ ಏರುತ್ತದೆ, ತುದಿಯಲ್ಲಿ ಭುಜದಂತೆ ಬಾಗಿ ಚಪ್ಪಟೆಯಾಗುತ್ತದೆ. ನಡುವಿನ ಏರಿನಲ್ಲಿ ಸಿಕ್ಕ ಬೆಳಕುನೆರಳುಗಳು ಯಥಾವತ್ತಾಗಿ ಉಳಿಯುತ್ತವೆ. ಬುಡದಲ್ಲಿ ಸಿಕ್ಕವು ಕತ್ತಲೆಯಲ್ಲಿ, ತುದಿಯಲ್ಲಿ ಸಿಕ್ಕವು ಬೆಳಕಿನಲ್ಲಿ ಒಂದರೊಳಗೊಂದು ಕಲಸಿಹೋಗುತ್ತವೆ. ಛಾಯಾಗ್ರಾಹಕನ ಕಷ್ಟವೆಲ್ಲ ಈ ಒಂದು ಗೆರೆಯಲ್ಲಿ ಅಡಗಿದೆ.

1932ರ ಹೊತ್ತಿಗೆ ಬೆಳಕನ್ನು ವಿದ್ಯುತ್ತಾಗಿ ಪರಿವರ್ತಿಸಿ ಮುಳ್ಳಿನಿಂದ ತೋರಿಸುವ ವೆಸ್ಟನ್ ಕಂಪೆನಿಯ ಮೀಟರು ಮಾರಾಟಕ್ಕೆ ಬಂದಿತು. ಇನ್ನೇನು, ಕಷ್ಟ ತೀರಿತೆಂದುಕೊಳ್ಳಬೇಡಿ. ಮೀಟರಿಗೆ ಬೆಳಕು ಗೊತ್ತು, ವಸ್ತು ಗೊತ್ತಿಲ್ಲ. ತನ್ನೆದುರಿಗಿರುವುದೆಲ್ಲ ಸರಾಸರಿಯಲ್ಲಿ ನಡುಬೂದಿ ಬಣ್ಣದ್ದು ಎಂದು ಅದು ನಂಬಿಕೊಂಡಿರುತ್ತದೆ. ಎಮ್ಮೆಯ ಮೈಗೆ ಹತ್ತಿರ ಹಿಡಿದು ಅದು ಹೇಳಿದಂತೆ ಪಟ ತೆಗೆದರೆ ಎಮ್ಮೆ ಬೂದಿಬಣ್ಣಕ್ಕೆ ಬರುತ್ತದೆ. ಬಿಳಿಯ ಹಸುವಿಗೆ ಹಿಡಿದು ತೆಗೆದರೆ ಹಸುವೂ ಬೂದಿಬಣ್ಣವೇ. ಕಪ್ಪು ಮುಖ, ಬಿಳಿಯ ಪಂಚೆ, ಜರಿಯ ಸೀರೆ ಒಂದೇ ಕಡೆ ಸೇರಿದಲ್ಲಿ ಅದರ ಮಾತನ್ನು ನೆಚ್ಚಿ ಕೂರುವಂತಿಲ್ಲ. ಆದಕಾರಣ ಅನುಭವಸ್ಥರು ಮೀಟರು ಹೇಳಿದಂತೆ ಒಂದು ಪಟ, ಅದಕ್ಕಿಂತ ಕಡಮೆಗೆ ಒಂದು, ಹೆಚ್ಚಿಗೆ ಒಂದು ಎಂದು ಮೂರು ತೆಗೆಯುವ ರೂಢಿ ಮಾಡಿಕೊಂಡರು.

ಎರಡನೆಯ ಪಟಕ್ಕೆ ಅವಕಾಶ ಸಿಗದಿದ್ದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಆನ್ಸೆಲ್ ಆಡಮ್ಸ್ ಅವರ ಪ್ರಸಂಗ ಒಳ್ಳೆಯ ನಿದರ್ಶನ. ಕಡುಗಪ್ಪಿನಿಂದ ಅಚ್ಚಬಿಳುಪಿನವರೆಗೆ ಬೆಳಕನ್ನು ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸುವ ಕ್ರಮವನ್ನು ಫ್ರೆಡ್ ಆರ್ಚರ್ ಅವರೊಡನೆ ಸೇರಿ ರೂಪಿಸಿದ ಮಹಾನಿಪುಣರು ಅವರು. 1941ರ ಶರತ್ಕಾಲದ ಒಂದು ಸಂಜೆ ನ್ಯೂ ಮೆಕ್ಸಿಕೋ ಪ್ರಾಂತದ ಹರ್ನಾಂಡೆಸ್ ಎಂಬ ಹಳ್ಳಿಯ ಬಳಿ ಕಾರಿನಲ್ಲಿ ಹೋಗುತ್ತಿದ್ದಾಗ, ಮೂಡಣದಲ್ಲಿ ಚಂದ್ರ ಏರಿದ್ದನ್ನೂ ಮುಳುಗುವ ಸೂರ್ಯನ ಕೊನೆಯ ಬೆಳಕಿನಲ್ಲಿ ಗೋರಿಗಳ ಬಿಳಿಯ ಶಿಲುಬೆಗಳು ಹೊಳೆಯುತ್ತಿದ್ದುದನ್ನೂ ಕಂಡರು. ದೊಡ್ಡ ಕ್ಯಾಮೆರಾವನ್ನು ಅವಸರದಲ್ಲಿ ಹೂಡಿದ್ದಾಯಿತು. ಮೀಟರು ಮಾತ್ರ ಸಿಗಲಿಲ್ಲ. ಚಂದ್ರನ ಹೊಳಪು ಒಂದು ಚದರ ಅಡಿಗೆ 250 ಕ್ಯಾಂಡಲ್ ಎಂಬುದು ನೆನಪಿಗೆ ಬಂದು, ಅದರಿಂದಲೇ ಲೆಕ್ಕ ಹಾಕಿ ಒಂದು ಪಟ ತೆಗೆದರು. ಇರಲಿ ಎಂದು ಇನ್ನೊಂದನ್ನು ತೆಗೆಯಲು ಪ್ಲೇಟನ್ನು ತಿರುಗಿಸುವಷ್ಟರಲ್ಲಿ ಶಿಲುಬೆಗಳ ಮೇಲಿನ ಬೆಳಕು ಆರಿಹೋಯಿತು. ಆ ಒಂದೇ ನೆಗೆಟಿವ್ ಜಗತ್ಪ್ರಸಿದ್ಧವಾಯಿತು. ಆದರೆ ಅದರಲ್ಲಿ ಮುನ್ನೆಲ ತೀರ ತೆಳುವಾಗಿ ಬಂದಿತ್ತು. 1948ರಲ್ಲಿ ಆಡಮ್ಸ್ ಅವರು ಆ ಭಾಗವನ್ನು ರಾಸಾಯನಿಕದಿಂದ ಗಾಢಗೊಳಿಸಬೇಕಾಯಿತು. ಅಷ್ಟು ಬಲ್ಲವರಿಗೇ ಹೀಗಾದರೆ ಮಿಕ್ಕವರ ಪಾಡೇನು?

ಸಾಮಾನ್ಯರಿಗೆ ಮೂರು ಮೂರು ಪಟ ತೆಗೆಯುವ ಭಾಗ್ಯವೂ ಇರಲಿಲ್ಲ. ಮೂವತ್ತಾರು ಪಟಗಳ ಒಂದು ಸುರುಳಿ ಹಾಗೆ ತೆಗೆದರೆ ಹನ್ನೆರಡು ನೋಟಗಳಿಗೇ ಮುಗಿದುಹೋಗುತ್ತಿತ್ತು. ತೊಳೆಯಿಸುವ ಖರ್ಚು ಬೇರೆ. ಆದ್ದರಿಂದ ಫಿಲ್ಮಿನ ಕಾಲದಲ್ಲಿ ಈ ಉಪಾಯ ವೃತ್ತಿಯವರ ಸೊತ್ತಾಗಿಯೇ ಉಳಿಯಿತು. ಅವರೂ ಮೂರರಲ್ಲಿ ಒಳ್ಳೆಯದೊಂದನ್ನು ಆರಿಸಿಕೊಂಡು ಎರಡನ್ನು ಬಿಸಾಡುತ್ತಿದ್ದರು. ಮೂರನ್ನೂ ಉಳಿಸಿಕೊಂಡರೆ ಹೇಗೆ ಎಂಬ ಯೋಚನೆ ಬಂದದ್ದು ಭೀಕರವಾದ ಒಂದು ಸಂದರ್ಭದಲ್ಲಿ. ಅಣುಬಾಂಬಿನ ಸ್ಫೋಟದ ಚಿತ್ರ ತೆಗೆಯಬೇಕಾಗಿ ಬಂದಾಗ, ಅದರ ನಡುವಿನ ಉರಿಯೂ ಸುತ್ತಣ ಹೊಗೆಯೂ ಯಾವ ಫಿಲ್ಮಿನಲ್ಲಿಯೂ ಒಟ್ಟಿಗೆ ಮೂಡಲೊಲ್ಲವು. ಅಮೆರಿಕದ ಚಾರ್ಲ್ಸ್ ವೈಕಾಫ್ ಎಂಬ ವಿಜ್ಞಾನಿ ಒಂದರ ಮೇಲೊಂದು ಮೂರು ಲೇಪಗಳಿರುವ ಫಿಲ್ಮನ್ನು ಸಿದ್ಧಪಡಿಸಿದನು. ಒಂದು ಲೇಪ ಬಹು ಚುರುಕು, ಒಂದು ಮಧ್ಯಮ, ಒಂದು ಬಹು ಮಂದ. ಒಂದೇ ಕ್ಷಣ, ಒಂದೇ ಫಿಲ್ಮು, ಮೂರು ಅಳತೆ!

ಇನ್ನು ಡಿಜಿಟಲ್ ಕ್ಯಾಮೆರಾಕ್ಕೆ ಬರೋಣ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬಾಯ್ಲ್ ಮತ್ತು ಸ್ಮಿತ್ ಎಂಬವರು ಸಿ.ಸಿ.ಡಿ. ಎಂಬ ಸಾಧನವನ್ನು ಕಂಡುಹಿಡಿದರು; ಬೆಳಕನ್ನು ಚಿತ್ರವಾಗಿ ಹಿಡಿಯುವ ಕೆಲಸಕ್ಕೆ ಅದು ಹೇಳಿ ಮಾಡಿಸಿದಂತಿತ್ತು. 2009ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. 1975ರಲ್ಲಿ ಕೊಡಕ್ ಕಂಪೆನಿಯ ಸ್ಟೀವನ್ ಸ್ಯಾಸನ್ ಇಂಥ ಸಾಧನದಿಂದ ಒಂದು ಕ್ಯಾಮೆರಾ ಮಾಡಿದನು. ಒಂದು ಪಟವನ್ನು ಕ್ಯಾಸೆಟ್ಟಿಗೆ ಬರೆದಿಡಲು ಅದಕ್ಕೆ 23 ಸೆಕೆಂಡು ಬೇಕಾಗುತ್ತಿತ್ತು.

ಫಿಲ್ಮಿನ ಜಾಗದಲ್ಲಿ ಕುಳಿತಿರುವ ಸೆನ್ಸರ್ ಎಂಬುದನ್ನು ಅಂಗಳದಲ್ಲಿ ಸಾಲಾಗಿ ಇಟ್ಟ ಲಕ್ಷಾಂತರ ಬಟ್ಟಲುಗಳೆಂದು ತಿಳಿಯಿರಿ. ಬೆಳಕೆಂಬ ಮಳೆ ಸುರಿದಂತೆ ಬಟ್ಟಲುಗಳಲ್ಲಿ ವಿದ್ಯುತ್ಕಣಗಳು ತುಂಬುತ್ತವೆ. ಮಳೆ ನಿಂತ ಮೇಲೆ ಒಂದೊಂದರಲ್ಲಿ ಎಷ್ಟಿದೆಯೆಂದು ಯಂತ್ರ ಅಳೆದು ಅಂಕಿ ಬರೆದುಕೊಳ್ಳುತ್ತದೆ. ಬಟ್ಟಲು ತುಂಬಿದ ಮೇಲೆ ಬಿದ್ದದ್ದು ಲೆಕ್ಕಕ್ಕಿಲ್ಲ. ಸೂರ್ಯನ ಬಿಂಬ, ಬಿಳಿಯ ಮೋಡ, ಸುಣ್ಣದ ಗೋಡೆ ಮೂರಕ್ಕೂ ಆಗ ಒಂದೇ ಅಂಕಿ. ಇತ್ತ ತಳದಲ್ಲಿ ನಾಲ್ಕು ಹನಿ ಮಾತ್ರ ಇದ್ದರೆ ಅದು ಬೆಳಕಿನದೋ ಯಂತ್ರದ ಸ್ವಂತ ಗೊಂದಲದ್ದೋ ತಿಳಿಯದು. ರೇಡಿಯೋದಲ್ಲಿ ದೂರದ ಸ್ಟೇಷನ್ನಿನ ಮಾತು ಗೊರಗೊರ ಸದ್ದಿನಲ್ಲಿ ಮುಳುಗುವುದಿಲ್ಲವೆ, ಹಾಗೆ. ಫಿಲ್ಮು ತುದಿಯಲ್ಲಿ ಮೆಲ್ಲಗೆ ಬಾಗಿ ದಣಿಯುತ್ತಿತ್ತು. ಸೆನ್ಸರ್ ಹಠಾತ್ತಾಗಿ ನಿಂತುಬಿಡುತ್ತದೆ. ಹೀಗಾಗಿ ಆವರಣ ಕಟ್ಟುವ ಹಳೆಯ ಉಪಾಯ ಹೊಸ ಕ್ಯಾಮೆರಾಕ್ಕೂ ಬೇಕಾಯಿತು.

ಅದು ನಡೆಯುವ ಬಗೆ ಹೀಗೆ. ಬೆಳಕನ್ನು ಎರಡರಷ್ಟು ಮಾಡುವುದಕ್ಕೆ ಅಥವಾ ಅರ್ಧಕ್ಕೆ ಇಳಿಸುವುದಕ್ಕೆ ಒಂದು ಸ್ಟಾಪ್ ಎನ್ನುತ್ತಾರೆ. ಎರಡು ಸ್ಟಾಪ್ ಅಂತರದಲ್ಲಿ ಮೂರು ಪಟ ಬೇಕೆಂದು ಕ್ಯಾಮೆರಾಕ್ಕೆ ಹೇಳಿ ಗುಂಡಿ ಒತ್ತಿದಿರೆನ್ನಿ. ಅದರ ಮೀಟರು ಸೆಕೆಂಡಿನ 125ರಲ್ಲಿ ಒಂದು ಭಾಗ ಸಾಕೆಂದು ತೀರ್ಮಾನಿಸಿದ್ದರೆ ಒಂದು ಪಟವನ್ನು ಹಾಗೆಯೇ ತೆಗೆಯುತ್ತದೆ; ಇನ್ನೊಂದನ್ನು 500ರಲ್ಲಿ ಒಂದು ಭಾಗಕ್ಕೆ, ಎಂದರೆ ಕಾಲುಪಾಲು ಬೆಳಕಿಗೆ; ಮತ್ತೊಂದನ್ನು 30ರಲ್ಲಿ ಒಂದು ಭಾಗಕ್ಕೆ, ಎಂದರೆ ನಾಲ್ಕರಷ್ಟು ಬೆಳಕಿಗೆ. ಮಸೂರದ ಬಾಯಿಯನ್ನು ಹಿಗ್ಗಿಸಿ ಕುಗ್ಗಿಸಿದರೂ ಬೆಳಕು ಬದಲಾಗುತ್ತದಲ್ಲವೆ ಎಂದು ನೀವು ಕೇಳಬಹುದು. ಬದಲಾಗುತ್ತದೆ, ಆದರೆ ಜೊತೆಗೆ ಹತ್ತಿರದ ಮತ್ತು ದೂರದ ವಸ್ತುಗಳ ಸ್ಪಷ್ಟತೆಯೂ ಬದಲಾಗಿ ಮೂರು ಪಟಗಳು ಒಂದಕ್ಕೊಂದು ಹೊಂದುವುದಿಲ್ಲ. ಅದಕ್ಕಾಗಿಯೇ ಬಾಯಿಯನ್ನು ಸ್ಥಿರವಾಗಿಟ್ಟು ಕಾಲವನ್ನು ಮಾತ್ರ ಬದಲಾಯಿಸುವುದು. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸುವುದೂ ಅದಕ್ಕಾಗಿಯೇ.

ಮೂರು ಪಟ ಬಂದ ಮೇಲೆ ಒಂದನ್ನು ಆರಿಸಿಕೊಳ್ಳಬಹುದು, ಅಥವಾ ಮೂರನ್ನೂ ಕೂಡಿಸಬಹುದು. ಕೂಡಿಸುವ ಗಣಿತವನ್ನು ಎಂ.ಐ.ಟಿ.ಯ ಸ್ಟೀವ್ ಮ್ಯಾನ್ ಮತ್ತು ರೋಸಲಿಂಡ್ ಪಿಕಾರ್ಡ್ 1995ರಲ್ಲಿ ಪ್ರಕಟಿಸಿದರು. 1997ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ ಅದನ್ನು ಎಲ್ಲರೂ ಬಳಸಬಹುದಾದ ರೀತಿಯಲ್ಲಿ ಬೆಳೆಸಿದರು. ಮಲಿಕ್ ಅವರು ಮಥುರೆಯಲ್ಲಿ ಹುಟ್ಟಿ ಕಾನ್ಪುರದ ಐ.ಐ.ಟಿ.ಯಲ್ಲಿ ಓದಿದವರು. ಬಣ್ಣದ ಗಾಜಿನ ಕಿಟಕಿಗಳುಳ್ಳ ಒಂದು ಚರ್ಚಿನ ಒಳಭಾಗವನ್ನು, 30 ಸೆಕೆಂಡಿನಿಂದ ಹಿಡಿದು ಸೆಕೆಂಡಿನ 1000ದಲ್ಲಿ ಒಂದು ಭಾಗದವರೆಗೆ, ಹದಿನಾರು ಪಟಗಳಲ್ಲಿ ಹಿಡಿದು ಕೂಡಿಸಿ ತೋರಿಸಿದ್ದು ಆ ಪ್ರಬಂಧದಲ್ಲಿದೆ.

ಗಣಿತವೆಂದರೆ ಹೆದರಬೇಕಾಗಿಲ್ಲ. ಬಟ್ಟಲಿನ ಪೂರ್ಣ ಅಳತೆ 1000 ಎಂದಿಟ್ಟುಕೊಳ್ಳಿ. ಗೋಡೆಯ ಒಂದು ಚುಕ್ಕೆ ನಡುವಿನ ಪಟದಲ್ಲಿ 100 ಎಂದು ಬಂದರೆ, ಕಡಮೆ ಬೆಳಕಿನದರಲ್ಲಿ 25, ಹೆಚ್ಚಿನದರಲ್ಲಿ 400 ಎಂದು ಬರುತ್ತದೆ. 25ನ್ನು ನಾಲ್ಕರಿಂದ ಗುಣಿಸಿದರೂ 400ನ್ನು ನಾಲ್ಕರಿಂದ ಭಾಗಿಸಿದರೂ ಉತ್ತರ ನೂರೇ. ಮೂರು ಸಾಕ್ಷಿಗಳೂ ಒಂದೇ ಮಾತು ಹೇಳಿದಂತಾಯಿತು. ಮೋಡದ ಚುಕ್ಕೆ ಎರಡು ಪಟಗಳಲ್ಲಿ ಬಟ್ಟಲು ತುಂಬಿ 1000ಕ್ಕೆ ನಿಂತಿದ್ದು, ಕಡಮೆ ಬೆಳಕಿನದರಲ್ಲಿ 900 ಎಂದಿದ್ದರೆ, ಅದರ ನಿಜವಾದ ಬೆಲೆ 3600. ಕತ್ತಲೆಯ ಮೂಲೆಗೆ ಹೆಚ್ಚು ಬೆಳಕಿನ ಪಟದ ಸಾಕ್ಷ್ಯವನ್ನು ನಂಬಬೇಕು. ಹೀಗೆ ಚುಕ್ಕೆಚುಕ್ಕೆಗೂ ನಂಬತಕ್ಕ ಪಟದಿಂದ ಬೆಲೆಯನ್ನು ತೆಗೆದುಕೊಂಡು, ಬಂದ ವಿಸ್ತಾರವನ್ನು ಕೊನೆಗೆ ಪರದೆಗೋ ಕಾಗದಕ್ಕೋ ಹಿಡಿಸುವಷ್ಟಕ್ಕೆ ಕುಗ್ಗಿಸುತ್ತಾರೆ.

ಕನ್ನಡ ಗ್ರಂಥಸಂಪಾದನೆಯ ಪರಿಚಯವಿರುವವರಿಗೆ ಇದು ಹೊಸದೆನಿಸದು. ಒಂದು ಕಾವ್ಯದ ಮೂರು ಓಲೆಪ್ರತಿಗಳು ಸಿಕ್ಕಿವೆಯೆನ್ನಿ. ಒಂದರಲ್ಲಿ ಅಂಚು ಮುರಿದಿದೆ, ಒಂದರಲ್ಲಿ ನಡುವೆ ಹುಳು ತಿಂದಿದೆ, ಒಂದರಲ್ಲಿ ಮಸಿ ಮಾಸಿದೆ. ಯಾವುದೂ ಪೂರ್ಣವಲ್ಲ. ಆದರೆ ಒಂದರಲ್ಲಿ ಲುಪ್ತವಾದ ಅಕ್ಷರ ಇನ್ನೊಂದರಲ್ಲಿ ಉಳಿದಿರುತ್ತದೆ. ಪಾಠಾಂತರಗಳನ್ನು ಹೋಲಿಸಿ ಸಂಪಾದಕರು ಶುದ್ಧಪಾಠವನ್ನು ಕಟ್ಟುತ್ತಾರೆ. ಅವರಿಗೆ ಒಂದು ಧರ್ಮವೂ ಉಂಟು: ಇಲ್ಲದ ಪದ್ಯವನ್ನು ತಾವೇ ಬರೆದು ಸೇರಿಸಬಾರದು. ಹಾಗೆ ಸೇರಿದ್ದನ್ನು ಪ್ರಕ್ಷಿಪ್ತವೆನ್ನುತ್ತೇವೆ. ಲ ಗ್ರೇಯ ಎರವಲು ಮೋಡ ಎಷ್ಟೇ ಮನೋಹರವಾಗಿರಲಿ, ಈ ಲೆಕ್ಕದಲ್ಲಿ ಪ್ರಕ್ಷಿಪ್ತವೇ. ಅದೇ ಸ್ಥಳದಲ್ಲಿ ಅದೇ ಗಳಿಗೆಯಲ್ಲಿ ತೆಗೆದ ಮೂರು ಪಟಗಳಿಂದ ಕೂಡಿಸಿದ ಚಿತ್ರವಾದರೋ ಶುದ್ಧಪಾಠಕ್ಕೆ ಹತ್ತಿರವಾದದ್ದು.

ಹತ್ತಿರ ಎಂದೆ, ಏಕೆಂದರೆ ಅಲ್ಲಿಯೂ ಅಪಾಯವಿದೆ. ಮೂರು ಪಟಗಳ ನಡುವಿನ ಕ್ಷಣದಲ್ಲಿ ಎಲೆ ಅಲುಗಿದರೆ, ಮಗು ತಲೆ ತಿರುಗಿಸಿದರೆ, ಕೂಡಿಸಿದ ಚಿತ್ರದಲ್ಲಿ ನೆರಳಿನಂಥ ಇಬ್ಬಂದಿ ರೂಪ ಮೂಡುತ್ತದೆ. ಕುಗ್ಗಿಸುವ ಕೆಲಸವನ್ನು ಅತಿಮಾಡಿದರೆ ಆಕಾಶ ಸೀಸದಂತಾಗಿ, ಗೋಪುರದ ಅಂಚಿಗೆ ಪ್ರಭಾವಳಿ ಬಂದು, ನೆರಳೇ ಇಲ್ಲದ ಲೋಕವೊಂದು ಎದುರು ನಿಲ್ಲುತ್ತದೆ. ನೆರಳು ಅಳಿದರೆ ಬಿಸಿಲಿನ ಅರ್ಥವೂ ಅಳಿಯುತ್ತದೆ. ಈ ವಿವೇಕ ಈಗ ಎಲ್ಲರಿಗೂ ಬೇಕಾಗಿದೆ, ಏಕೆಂದರೆ ಕೈಯಲ್ಲಿ ಹಿಡಿಯುವ ಫೋನೇ ಈ ಕೆಲಸವನ್ನು ಮಾಡುತ್ತಿದೆ. 2010ರಲ್ಲಿ ಐಫೋನಿನಲ್ಲಿ ಮೂರು ಪಟಗಳನ್ನು ಕೂಡಿಸುವ ಸೌಕರ್ಯ ಬಂದಿತು. ಗೂಗಲ್ ಸಂಸ್ಥೆಯ ಸಂಶೋಧಕರು 2016ರಲ್ಲಿ ವಿವರಿಸಿದ ಕ್ರಮವೇ ಬೇರೆ: ಬಟ್ಟಲು ತುಂಬದಂತೆ ಕಡಮೆ ಬೆಳಕಿನ ಹಲವು ಪಟಗಳನ್ನು ಸರಸರನೆ ತೆಗೆದು, ಒಂದರ ಮೇಲೊಂದು ಹೊಂದಿಸಿ, ಸರಾಸರಿಯಿಂದ ಗೊಂದಲವನ್ನು ತಗ್ಗಿಸಿ ಕತ್ತಲೆಯನ್ನು ಮೇಲೆತ್ತುವುದು. ಗುಂಡಿ ಒತ್ತಿದವರಿಗೆ ಇದಾವುದೂ ತಿಳಿಯುವುದಿಲ್ಲ. ಒಂದೇ ಪಟ ತೆಗೆದೆವೆಂದೇ ಅವರು ತಿಳಿಯುತ್ತಾರೆ.

ನಿಮ್ಮಲ್ಲಿ ಕ್ಯಾಮೆರಾ ಇದ್ದರೆ ಅದರಲ್ಲಿ ಈ ಸೌಕರ್ಯವನ್ನು ಹುಡುಕಿ ಒಮ್ಮೆ ಬಳಸಿ ನೋಡಿರಿ. ದೇವಸ್ಥಾನದ ನವರಂಗ, ಹಳೆಯ ಮನೆಯ ತೊಟ್ಟಿ, ಬಯಲಿನಲ್ಲಿ ನಿಂತ ಶಾಸನದ ಕಲ್ಲು, ಕಿಟಕಿಯ ಬಳಿ ಕುಳಿತ ಹಿರಿಯರು: ಇಂಥವನ್ನು ತೆಗೆಯುವಾಗ ಮೂರು ಪಟ ತೆಗೆಯಿರಿ. ಮೂರನ್ನೂ ಕೂಡಿಸಿದರೂ ಸರಿಯೆ, ಒಂದನ್ನು ಆರಿಸಿಕೊಂಡರೂ ಸರಿಯೆ. ಮೂಲದ ಮೂರನ್ನು ಮಾತ್ರ ಅಳಿಸಬೇಡಿ. ತುಂಬಿ ಹರಿದ ಬಟ್ಟಲಿನಿಂದ ಹೊರಗೆ ಹೋದ ಬೆಳಕನ್ನು ಯಾವ ಗಣಿತವೂ ಮರಳಿ ತರಲಾರದು. ಕಲ್ಲಿನ ಅಕ್ಷರ ಸವೆಯುತ್ತದೆ, ತೊಟ್ಟಿಯ ಮನೆ ಬೀಳುತ್ತದೆ, ಹಿರಿಯರು ನಮ್ಮೊಡನೆ ಎಂದೆಂದಿಗೂ ಇರುವುದಿಲ್ಲ. ಮುಂದೆ ಆ ಪಟವನ್ನು ನೋಡುವವರಿಗೆ ಮುಖವೂ ಕಾಣಬೇಕು, ಆ ಮುಖದ ಹಿಂದಿನ ಅಂಗಳವೂ ಕಾಣಬೇಕು.